ಹದಿನೇಳನೆಯ ಕಾರ್ಡು

ಉಗಾರ ಬುದ್ರುಕದ ಮುರಗೆಪ್ಪನಿಗೆ ಸಿಟ್ಟು ಬರಲು ಕಾರಣ ಬೇಕಿಲ್ಲ, ಬೆಳಗಾದರೆ ಸಾಕು. ಒಂದು ಚಪ್ಪಲಿ ಸಿಕ್ಕು ಇನ್ನೊಂದು ಸಿಗದಿದ್ದರೆ ಚಪ್ಪಲಿ ಮಾರಿದವನ ಮೇಲೆ ಸಿಟ್ಟು. ಮಳೆ ಬಂದರೆ ಮೋಡದ ಮೇಲೆ, ಬರದಿದ್ದರೆ ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿಯ ಮೇಲೆ. ಹೆಂಡತಿ ಅಕ್ಕವ್ವ ಮದುವೆಯಾದ ಮೊದಲ ವರ್ಷ ಎದುರು ಮಾತಾಡಿ ನೋಡಿದಳು. ಎರಡನೆಯ ವರ್ಷ ಅಳುವುದನ್ನು ಮಾಡಿ ನೋಡಿದಳು. ಮೂರನೆಯ ವರ್ಷದಿಂದ, ಗಂಡನ ಸಿಟ್ಟು ಇಳಿಯುವವರೆಗೆ ರೊಟ್ಟಿ ಬಡಿಯುವ ರೂಢಿ ಮಾಡಿಕೊಂಡಳು. ಸಿಟ್ಟು ದೊಡ್ಡದಿದ್ದ ದಿನ ರೊಟ್ಟಿ ಉಳಿದು ಓಣಿಗೆಲ್ಲ ಹಂಚಿಕೆಯಾಗುತ್ತಿದ್ದವು. ಹೀಗಾಗಿ ಮುರಗೆಪ್ಪನ ಸಿಟ್ಟಿನ ಬಗ್ಗೆ ಓಣಿಯವರದು ದೊಡ್ಡ ತಕರಾರೇನೂ ಇರಲಿಲ್ಲ.

ಪಕ್ಕದ ಮನೆ ಭರಮುವಿನದು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಜೊತೆಗೆ ಒಂದೂವರೆ ಎಕರೆ ಕಬ್ಬು. ಆ ಕಬ್ಬಿನ ಹೊಲ ಮುರಗೆಪ್ಪನ ಮನೆಯ ಹಿಂದೆಯೇ ಇದೆ, ಅಲ್ಲಿಗೆ ಹೋಗಲು ಇರುವುದು ಒಂದೇ ದಾರಿ, ಆ ದಾರಿ ಇರುವುದು ಮುರಗೆಪ್ಪನ ಜಾಗದಲ್ಲಿ. ಮೂವತ್ತು ವರ್ಷಗಳಿಂದ ಭರಮುವಿನ ಕಬ್ಬು ಆ ದಾರಿಯಲ್ಲೇ ಹೋಗುತ್ತಿದೆ. ಅದಕ್ಕಾಗಿ ಮುರಗೆಪ್ಪ ಇವತ್ತಿನವರೆಗೆ ಏನನ್ನೂ ಕೇಳಿಲ್ಲ. ಹೇಳುವುದನ್ನು ಮಾತ್ರ ಬಿಟ್ಟಿಲ್ಲ. ಮದುವೆಯ ಪಂಗತಿಯಲ್ಲಿ, ಬಸ್ ನಿಲ್ದಾಣದಲ್ಲಿ, ಒಮ್ಮೆ ಯಾರದೋ ಮಣ್ಣಿಗೆ ಹೋದಾಗಲೂ, "ನನ್ನ ದಾರಿ ಇರಲಿಲ್ಲಂದ್ರ ಭರಮ್ಯಾನ ಕಬ್ಬಿಗೆ ರೆಕ್ಕಿ ಹಚ್ಚಬೇಕಾಗತಿತ್ತು" ಎಂದು ಹೇಳಿದ್ದಾನೆ.

ಇಂಥ ಓಣಿಗೆ ಮಳೆಗಾಲದಲ್ಲಿ ಅಥಣಿಯಿಂದ ನೀಲಮ ಎಂಬ ಹುಡುಗಿ ಬಂದಳು. ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ಒಳ್ಳೆಯ ನೆರೆಯವರೆಂದರೆ ಯಾರು ಎಂಬ ಬಗ್ಗೆ ಜನರ ಮನಸ್ಸಿನಲ್ಲಿ ಏನಿದೆ ಎಂಬುದು. ಓಣಿಯ ಹನ್ನೆರಡು ಜನರನ್ನು ಮಾತಾಡಿಸುವವಳಿದ್ದಳು. ಮುರಗೆಪ್ಪನ ಹೊರಸಿನ ಮೇಲೆ ಕೂತು, ಮೊಬೈಲನ್ನು ರೆಕಾರ್ಡಿಗೆ ಹಚ್ಚಿ, "ಕಾಕಾ, ನೆರಿಹೊರಿ ಬಗ್ಗೆ ನಿಮಗ ಏನ ಅನಸ್ತೈತಿ ಹೇಳ್ರಿ. ಸರಿ, ತಪ್ಪು ಅಂತ ಏನೂ ಇಲ್ಲ" ಎಂದಳು.

ಹೇಳಿದ್ದರಲ್ಲಿ ತಪ್ಪೇ ಇಲ್ಲ ಎಂದು ಮುರಗೆಪ್ಪನಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಅವನು ಎರಡು ತಾಸು ನಲವತ್ತು ನಿಮಿಷ ಮಾತಾಡಿದ. ಅಕ್ಕವ್ವ ಮೂರು ಸಲ ಚಹಾ ತಂದಳು. ಮೊಬೈಲಿನ ಚಾರ್ಜು ಮುಗಿದ ಮೇಲೂ ಹದಿನೈದು ನಿಮಿಷ ಮಾತು ನಡೆದಿತ್ತು.

ಮರುದಿನ ಉತ್ತಮನ ಹಿಟ್ಟಿನ ಗಿರಣಿಯ ಮುಂದೆ ನಿಂತು ಅವನು ಸುದ್ದಿ ಹೇಳಿದ. "ವಿದ್ಯಾಪೀಠದವರು ನನ್ನ ಅಭಿಪ್ರಾಯ ಬೇಕಂತ ಮನೀಗೆ ಬಂದಿದ್ರು."

"ನನ್ನೂ ಕೇಳ್ಯಾರ" ಎಂದ ಉತ್ತಮ, ಹಿಟ್ಟು ಝಾಡಿಸುತ್ತ.

"ನಿನ್ನ ಎಷ್ಟೊತ್ತು ಕೇಳಿದ್ರು?"

"ಇಪ್ಪತ್ತ ಮಿನಿಟ."

"ನಂದು ಎರಡ ತಾಸು ನಲವತ್ತ ಮಿನಿಟ" ಎಂದು ಮುರಗೆಪ್ಪ ತಲೆಯ ಮೇಲಿನ ಪಟಗಾ ಸರಿಪಡಿಸಿಕೊಂಡ. ಅಂದಿನಿಂದ ಊರಿನಲ್ಲಿ ಏನೇ ಚರ್ಚೆ ನಡೆದರೂ "ನಮ್ಮ ಸಂಶೋಧನಾದಾಗ ಏನೈತಿ ಅಂದ್ರ" ಎಂದು ಶುರುಮಾಡತೊಡಗಿದ. ಸಂಶೋಧನೆಯಲ್ಲಿ ತಾನು ಏನು ಹೇಳಿದ್ದೆ ಎಂಬುದು ಮಾತ್ರ ಒಂದು ವಾರದಲ್ಲಿ ಅವನಿಗೆ ಪೂರ್ತಿ ಮರೆತುಹೋಗಿತ್ತು.

ನಾಲ್ಕು ತಿಂಗಳು ಕಳೆದು, ಕಬ್ಬು ಕಡಿಯುವ ಹಂಗಾಮಿನಲ್ಲಿ ನೀಲಮ ಮತ್ತೆ ಬಂದಳು. ಈ ಸಲ ಕೈಯಲ್ಲಿ ಇಪ್ಪತ್ತೈದು ಕಾರ್ಡು, ಬಗಲಲ್ಲಿ ಸುತ್ತಿದ ಒಂದು ಫ್ಲೆಕ್ಸ್ ಹಾಳೆ. ಓಣಿಯ ಜನ ಆಡಿದ ನೂರಾರು ಮಾತುಗಳಿಂದ ಇಪ್ಪತ್ತೈದನ್ನು ಆರಿಸಿ, ಕಾರ್ಡಿಗೊಂದರಂತೆ ಅಚ್ಚು ಹಾಕಿಸಿದ್ದಳು. ಯಾರು ಹೇಳಿದ್ದು ಎಂದು ಗುರುತು ಸಿಗಬಾರದೆಂದು ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಂದಿದ್ದಳು. ಫ್ಲೆಕ್ಸಿನ ಮೇಲೆ ಒಂಬತ್ತು ಸಾಲು ಚೌಕದ ಮನೆಗಳು. ಎಡತುದಿಗೆ 'ಸುತರಾಂ ಒಪ್ಪುವುದಿಲ್ಲ', ಅಲ್ಲಿ ಒಂದೇ ಮನೆ. ಬಲತುದಿಗೆ 'ಪೂರ್ತಿ ಒಪ್ಪುತ್ತೇನೆ', ಅಲ್ಲಿಯೂ ಒಂದೇ ಮನೆ. ಎರಡೂ ಕಡೆಯಿಂದ ಒಳಗೆ ಬಂದಂತೆ ಮನೆ ಹೆಚ್ಚುತ್ತ ಹೋಗಿ, ನಡುವೆ, ಒಪ್ಪಿಗೆಯೂ ಇಲ್ಲ ವಿರೋಧವೂ ಇಲ್ಲ ಎನ್ನುವ ಸೊನ್ನೆಯ ಸಾಲಿನಲ್ಲಿ, ಐದು. ಒಬ್ಬೊಬ್ಬರೂ ಇಪ್ಪತ್ತೈದು ಕಾರ್ಡುಗಳನ್ನು ತಮ್ಮ ಮನಸ್ಸಿನಂತೆ ಇಪ್ಪತ್ತೈದು ಮನೆಗಳಲ್ಲಿ ಇಡಬೇಕು. ಯಾಕೆ ಹಾಗೆ ಇಟ್ಟಿರಿ ಎಂದು ನೀಲಮ ಕೇಳಿ ಬರೆದುಕೊಳ್ಳುತ್ತಾಳೆ. ಆಮೇಲೆ ಯಾರ ಜೋಡಣೆ ಯಾರದನ್ನು ಹೋಲುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾಳೆ. ಕೆಲಸ ಇಷ್ಟೇ.

ಮುರಗೆಪ್ಪ ಹೊರಸಿನ ಮೇಲೆ ಹಾಳೆ ಹಾಸಿಕೊಂಡು, ಕನ್ನಡಕ ಏರಿಸಿ, ಮೊದಲ ಏಳು ಕಾರ್ಡುಗಳನ್ನೂ ಬಲತುದಿಯ ಒಂದೇ ಮನೆಯಲ್ಲಿ ಒಂದರ ಮೇಲೊಂದು ಪೇರಿಸಿದ.

"ಕಾಕಾ, ಅಲ್ಲಿ ಒಂದ ಕಾರ್ಡಿಗೆ ಅಷ್ಟ ಜಾಗಾ ಐತ್ರಿ."

"ಏಳಕ್ಕೂ ನಾ ಪೂರಾ ಒಪ್ಪತೀನಿ."

"ಅದರಾಗ ಎಲ್ಲಾಕಿಂತ ಹೆಚ್ಚ ಯಾವದು ಒಪ್ಪತೀರಿ ಅದನ್ನ ಅಷ್ಟ ಇಡ್ರಿ. ಉಳದದ್ದು ಈ ಕಡೆ ಸರಸ್ರಿ."

"ಯಾಕ ಸರಸಬೇಕು? ಒಪ್ಪಾಂವ ನಾನು. ಮಾಳಿಗಿ ಏರಸು!"

ಅರ್ಧ ತಾಸು ಈ ಮಾಳಿಗೆಯ ವಾದ ನಡೆಯಿತು. ಸೊನ್ನೆಯ ಸಾಲಿಗೆ ಬಂದಾಗ, "ನಾ ಸೊನ್ನಿ ಏನ? ಯಾವ ಮಾತಿಗೆ ನನಗ ಅಭಿಪ್ರಾಯ ಇಲ್ಲ ತೋರಸು" ಎಂದು ಇನ್ನೊಂದು ವಾದ. ಹುಡುಗಿ ತಾಳ್ಮೆಯಿಂದ ಒಂದೊಂದೇ ಕಾರ್ಡು ಮುಂದೆ ಹಿಡಿಯುತ್ತಿದ್ದಳು. ಹೀಗೆ ಹದಿನೇಳನೆಯದು ಬಂತು. ಮುರಗೆಪ್ಪ ಅದನ್ನು ಗಟ್ಟಿಯಾಗಿ ಓದಿದ.

"ಮಾಡಿದ ಉಪಕಾರವನ್ನು ದಿನವೂ ಎಣಿಸಿ ತೋರಿಸುವ ನೆರೆಯವನಿಗಿಂತ ಉಪಕಾರ ಮಾಡದ ನೆರೆಯವನೇ ಒಳ್ಳೆಯವನು."

ಇನ್ನೊಮ್ಮೆ ಓದಿದ. ಮೂರನೆಯ ಸಲ ಓದುವಾಗ ಎದುರು ಮನೆಯ ಎಮ್ಮೆ ಕತ್ತೆತ್ತಿ ನೋಡಿತು.

"ಇದನ್ನ ಯಾಂವ ಅಂದಾ?"

"ಹೆಸರ ಹೇಳಂಗಿಲ್ರಿ ಕಾಕಾ. ಎಲ್ಲಾರಿಗೂ ಬರದ ಕೊಟ್ಟೇನಿ. ಆದ್ರ ಒಂದ ಮಾತ..."

"ನಿನ್ನ ಮಾತ ಆಮ್ಯಾಲ! ಇದು ನನಗ ಅಂದ ಮಾತು. ನನ್ನ ದಾರೀಗೆ ಅಂದ ಮಾತು! ಇದನ್ನ ಇಡಾಕ ನಿನ್ನ ಹಾಳ್ಯಾಗ ಜಾಗಾ ಸಾಲಂಗಿಲ್ಲ. ಎಡಕ್ಕ ಇನ್ನೂ ಹತ್ತ ಮನಿ ಕಟ್ಟು!"

"ಕಾಕಾ, ಸ್ವಲ್ಪ ಕೇಳ್ರಿ..."

ಮುರಗೆಪ್ಪ ಕೇಳಲಿಲ್ಲ. ಕಾರ್ಡು ಹಿಡಿದುಕೊಂಡು ಹಿತ್ತಲಿನ ಗೋಡೆಗೆ ಹೋದ. ಆಚೆ ಭರಮುವಿನ ಹೆಂಡತಿ ಶೇವಂತಾ ಬಟ್ಟೆ ಒಣಗಿಸುತ್ತಿದ್ದಳು.

"ಶೇವಂತಾ, ನಿನ್ನ ಗಂಡನೂ ಈ ಕಾರ್ಡ ಇಟ್ಟಾನೇನು?"

"ಹೌದ್ರಿ ಭಾವಾ, ನಿನ್ನೇನ ಇಟ್ರು."

"ಈ ಹದಿನೇಳನೇದ್ದು ಎಲ್ಲಿ ಇಟ್ಟಾ?"

ಶೇವಂತಾ ಸುಳ್ಳು ಹೇಳುವ ಹೆಂಗಸಲ್ಲ, ಅದೇ ಓಣಿಯ ತೊಂದರೆ. "ಅದನ್ನ ಬಲಕ್ಕ ತುದೀಗಿ ಇಟ್ರು. ಪೂರಾ ಒಪ್ಪತೀನಿ, ಇದಕ್ಕಿಂತ ಖರೇ ಮಾತು ಇನ್ನೊಂದಿಲ್ಲ ಅಂದ್ರು."

ಮುರಗೆಪ್ಪನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಒಳಗೆ ಅಕ್ಕವ್ವ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು.

ಅದೇ ದಿನ ಭರಮುವಿನ ಹೊಲದಲ್ಲಿ ಕಬ್ಬಿನ ಕಡಿತ ಶುರುವಾಗಿತ್ತು. ಗ್ಯಾಂಗಿನವರು ನಸುಕಿನಲ್ಲೇ ಇಳಿದು ಅರ್ಧ ಎಕರೆ ಕೆಡವಿದ್ದರು. ಮಧ್ಯಾಹ್ನ ಟ್ರ್ಯಾಕ್ಟರ್ ಬಂದಾಗ ದಾರಿಗೆ ಅಡ್ಡಲಾಗಿ ಮುರಗೆಪ್ಪನ ಹಳೆಯ ಟ್ರಾಲಿ ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ಕೂತಿತ್ತು ಎನ್ನಬೇಕು. ಯಾರೂ ತಳ್ಳಿಕೊಂಡು ಹೋಗಬಾರದೆಂದು ಅವನು ಅದರ ಗಾಲಿಗಳನ್ನೇ ಬಿಚ್ಚಿ ತೆಗೆದಿದ್ದ. ಆ ಕೆಲಸದಲ್ಲಿ ಅವನ ಹೆಬ್ಬೆರಳು ಜಜ್ಜಿಹೋಗಿತ್ತು. ಅದೂ ಭರಮುವಿನ ತಪ್ಪೇ ಎಂದು ಅವನು ಬಗೆದ.

ಭರಮು ಕಾರ್ಖಾನೆಯಿಂದ ಸೈಕಲ್ ಮೇಲೆ ಹಾರಿಬಂದ.

"ಲೇ ಮುರಗ್ಯಾ! ಏನಲೇ ಇದು?"

"ನಾ ಉಪಕಾರ ಮಾಡೂದ ಬಿಟ್ಟೇನಿ. ಉಪಕಾರ ಮಾಡದ ನೆರಿಯಾಂವನ ಒಳ್ಳೆಯಾಂವ ಅಂತಲ್ಲ. ಇವತ್ತಿನಿಂದ ನಾ ಭಾಳ ಒಳ್ಳೆಯಾಂವ!"

"ತಲಿ ನೆಟ್ಟಗೈತೇನಲೇ? ಕಡದ ಕಬ್ಬ ಬಿಸಲಾಗ ಬಿದ್ದೈತಿ. ಟ್ರ್ಯಾಕ್ಟರ್ ಹೊಳ್ಳಿ ಹೋದ್ರ ಗ್ಯಾಂಗ ಬ್ಯಾರೆ ಹೊಲಕ್ಕ ಹೊಕ್ಕೈತಿ. ಮತ್ತ ನನ್ನ ಪಾಳಿ ಯಾವಾಗ ಬರಬೇಕು?"

"ಆ ಮಾತ ಆಡೂ ಮುಂದ ವಿಚಾರ ಮಾಡಬೇಕಿತ್ತು."

"ಯಾವ ಮಾತಲೇ?"

"ಹದಿನೇಳನೇ ಮಾತು!"

ಟ್ರ್ಯಾಕ್ಟರ್ ಹಿಂದಕ್ಕೆ ಹೋಯಿತು. ಗ್ಯಾಂಗಿನ ಮುಖ್ಯಸ್ಥ, ಎರಡು ದಿನ ನೋಡುತ್ತೇವೆ, ಆಮೇಲೆ ನಮ್ಮ ದಾರಿ ನಮಗೆ ಎಂದು ಹೇಳಿ ಗುಡಿಸಲಿಗೆ ನಡೆದ. ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟೂ ತೂಕ ಕಳೆದುಕೊಳ್ಳುತ್ತದೆ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಶೇವಂತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಭರಮು ಮುರಗೆಪ್ಪನ ಮೂರು ತಲೆಮಾರುಗಳನ್ನು ಹೆಸರು ಹಿಡಿದು ಬೈದ, ಎರಡನೆಯ ತಲೆಮಾರಿನಲ್ಲಿ ಹೆಸರು ತಪ್ಪಿತು, ಮುರಗೆಪ್ಪ ಅದನ್ನು ತಿದ್ದಿದ.

ರಾಜಿ ಮಾಡಿಸಲು ಪಂಚಾಯತಿ ಸದಸ್ಯ ಸಮ್ಮೇದ ಬಂದ. ಬಿಳಿ ಅಂಗಿ, ಮೆತ್ತನೆಯ ಮಾತು. "ಒಂದ ಕಾರ್ಡಿನ ಸಲುವಾಗಿ ಇಷ್ಟ ಜಗಳೇನ್ರಪಾ? ತರ್ರಿ ಇಲ್ಲೆ, ಏನ ಬರದಾರ ನೋಡೂಣು" ಎಂದು ಹೊರಸಿನ ಮೇಲೆ ಬಿದ್ದಿದ್ದ ಕಾರ್ಡುಗಳನ್ನು ಎತ್ತಿಕೊಂಡ. ನೀಲಮ ತಡೆಯುವಷ್ಟರಲ್ಲಿ ಒಂಬತ್ತನೆಯದನ್ನು ಓದಿದ. 'ಮತ ಕೇಳಲು ಬರುವ ನೆರೆಯವನು ಗಟಾರು ತುಂಬಿದಾಗ ಕಾಣುವುದಿಲ್ಲ.'

ಸಮ್ಮೇದನ ಮೆತ್ತನೆಯ ಮಾತು ಅಲ್ಲಿಗೆ ಮುಗಿಯಿತು. "ಯಾವ ಮಗಾ ಅಂದಾನ ಇದನ್ನ? ಗಟಾರಿನ ಠರಾವು ಪಾಸಾಗಿ ಎಂಟ ತಿಂಗಳಾತು!"

"ಠರಾವು ಪಾಸಾಗೇತಿ, ನೀರು ಪಾಸಾಗಿಲ್ಲ" ಎಂದು ಗುಂಪಿನಿಂದ ಉತ್ತಮ ನಕ್ಕ. ನಗುತ್ತಲೇ ತಾನೂ ಒಂದು ಕಾರ್ಡು ಎಳೆದ. ಇಪ್ಪತ್ತೊಂದನೆಯದು. 'ನೆರೆಯವನ ಗಿರಣಿಯಲ್ಲಿ ಬೀಸಿದ ಹಿಟ್ಟು ಕಡಿಮೆ ಬಂದರೂ ಸುಮ್ಮನಿರುವುದೇ ನೆರೆಹೊರೆ ಧರ್ಮ.' ಉತ್ತಮನ ನಗು ನಿಂತಿತು. "ಹಿಟ್ಟ ಹಾರತೈತ್ರಿ! ಗಾಳೀಗೆ ಹಾರತೈತಿ! ನಾ ತಿಂತೇನೇನು?" ಎಂದು ಓಣಿಯ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡುತ್ತ ಕೂಗತೊಡಗಿದ. ಹೆಂಗಸರು ಆಕಾಶ ನೋಡಿದರು.

ಸಂಜೆಯಾಗುವುದರೊಳಗೆ ಇಪ್ಪತ್ತೈದು ಕಾರ್ಡುಗಳಿಗೂ ವಾರಸುದಾರರು ಹುಟ್ಟಿದರು. ಪ್ರತಿಯೊಬ್ಬರಿಗೂ ತಮ್ಮನ್ನು ಬೈದ ಕಾರ್ಡು ಸಿಕ್ಕಿತು. ಹೊಗಳಿದ ಕಾರ್ಡುಗಳೂ ಆರೇಳಿದ್ದವು. ಅವು ತಮಗೆಂದು ಯಾರೂ ಹೇಳಲಿಲ್ಲ, ಯಾಕೆಂದರೆ ಅವನ್ನು ಯಾರೂ ಓದಲೇ ಇಲ್ಲ.

ಮರುದಿನ ಬೆಳಿಗ್ಗೆ ಮುರಗೆಪ್ಪ ಪೊಲೀಸ್ ಠಾಣೆಗೆ ಹೋದ. ಹವಾಲ್ದಾರ ಸಂಗ್ರಾಮ ಆಗತಾನೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಸಿಟ್ಟಿನಲ್ಲಿ ಮುರಗೆಪ್ಪನಿಗೆ ಮಾತು ಮೊದಲಿನಿಂದ ಬರುವುದಿಲ್ಲ, ನಡುವಿನಿಂದ ಬರುತ್ತದೆ.

"ನಮ್ಮ ಓಣ್ಯಾಗ ಕಾರ್ಡ ಹಂಚ್ಯಾರ್ರಿ ಸಾಹೇಬ್ರ. ಓಣಿ ಹಾಳಾಗಿ ಹೋತು!"

ಹವಾಲ್ದಾರರು ನೆಟ್ಟಗಾದರು. "ಕಾರ್ಡ? ಎಷ್ಟ ಮಂದಿ ಕೂತಾರ?"

"ಹನ್ನೆರಡ ಮಂದಿ."

"ಹೆಣ್ಣಮಕ್ಕಳೂ ಅದಾರೇನು?"

"ಅರ್ಧಾ ಅವರ ಅದಾರು!"

"ಆಡಸಾವರು ಯಾರು?"

"ಅಥಣೀಯಿಂದ ಒಬ್ಬಾಕಿ ಬರ್ತಾಳ್ರಿ. ಹಾಳಿ ಹಾಸತಾಳು, ಕಾರ್ಡ ಕೊಡತಾಳು, ಎಲ್ಲಿ ಇಡ್ತೀರಿ ಇಡ್ರಿ ಅಂತಾಳು. ನಿನ್ನೆ ನನ್ನ ಮುಂದ ಹದಿನೇಳು ಬಂತ್ರಿ. ನಾ ಮುಗದ ಹೋದೆ."

"ಅರೇ ಬಾಪರೇ!" ಎಂದು ಹವಾಲ್ದಾರರು ಎದ್ದು ಟೊಪ್ಪಿಗೆ ಹಾಕಿಕೊಂಡರು. ತಮ್ಮ ಹದ್ದಿನಲ್ಲಿ ಹೆಂಗಸರೂ ಕೂತು ಇಸ್ಪೀಟು ಆಡುವ ಅಡ್ಡೆ ಇರುವುದು ಅವರಿಗೆ ಗೊತ್ತೇ ಇರಲಿಲ್ಲ. ಇಬ್ಬರು ಪೇದೆಗಳನ್ನು ಕರೆದುಕೊಂಡು, ಜೀಪನ್ನು ದೂರದಲ್ಲೇ ನಿಲ್ಲಿಸಿ, ಗೋಡೆಗೆ ಆತುಕೊಂಡು ನಡೆದರು. ಹಿಂದೆ ಮುರಗೆಪ್ಪ. ಇಷ್ಟು ಬೇಗ ಪೊಲೀಸರು ತನ್ನ ಮಾನದ ಸಲುವಾಗಿ ಓಡಿಬಂದದ್ದನ್ನು ಕಂಡು ಅವನ ಎದೆ ಉಬ್ಬಿತ್ತು.

ಭರಮುವಿನ ಅಂಗಳದಲ್ಲಿ ಶೇವಂತಾ ಹಾಳೆಯ ಮುಂದೆ ಕೂತು ಕಾರ್ಡು ಜೋಡಿಸುತ್ತಿದ್ದಳು. ಎದುರಿಗೆ ನೀಲಮ. ಸುತ್ತ ನಾಲ್ಕೈದು ಹೆಂಗಸರು.

"ಯಾರೂ ಅಲುಗಾಡಬ್ಯಾಡ್ರಿ! ಎಲಿ ಕೆಳಗಿಡ್ರಿ!" ಹವಾಲ್ದಾರರು ಒಳಗೆ ಹಾರಿದರು.

ಶೇವಂತಾ ತಲೆ ಎತ್ತದೆ, "ತಡೀರಿ ಸಾಹೇಬ್ರ, ಇನ್ನ ನಾಕ ಉಳದಾವ" ಎಂದಳು.

ಹವಾಲ್ದಾರರು ಒಂದು ಕಾರ್ಡು ಎತ್ತಿ ನೋಡಿದರು. ಇಸ್ಪೀಟಿನ ಗುರುತೂ ಇಲ್ಲ, ಆಟಿನಿನ ಗುರುತೂ ಇಲ್ಲ. 'ಒಳ್ಳೆಯ ನೆರೆಯವರು ಕರೆಯದಿದ್ದರೂ ಕಷ್ಟಕ್ಕೆ ಬರುತ್ತಾರೆ.' ತಿರುಗಿಸಿ ನೋಡಿದರು, ಹಿಂದೆ ಖಾಲಿ. "ಇದು ಯಾವ ಆಟಾ?"

ನೀಲಮ ಎದ್ದು ನಿಂತು ಗುರುತಿನ ಚೀಟಿ ತೋರಿಸಿ ಎಲ್ಲ ವಿವರಿಸಿದಳು. ಹವಾಲ್ದಾರರು ಕೇಳುತ್ತ ಕೇಳುತ್ತ ಹಾಳೆಯ ಮೇಲೆ ಬಾಗಿದರು. "ಕರೀಲಾರದ ಬಂದ್ರ ಅದು ಒಳ್ಳೇತನಾ ಹೆಂಗಾಗತೈತಿ? ನಮ್ಮ ಕ್ವಾರ್ಟರ್ಸಿನ್ಯಾಗ ಕರೀಲಾರದ ಬರೂದ ದೊಡ್ಡ ಕಷ್ಟಾ" ಎಂದು ಆ ಕಾರ್ಡನ್ನು ಎಡಕ್ಕೆ ಸರಿಸಿದರು.

"ಸಾಹೇಬ್ರ, ಮುಟ್ಟಬ್ಯಾಡ್ರಿ! ಅದು ಶೇವಂತಾ ಕಾಕೂ ಅವರ ಅಭಿಪ್ರಾಯ!" ನೀಲಮಳಿಗೂ ಮೊದಲ ಸಲ ಸಿಟ್ಟು ಬಂತು.

ಹವಾಲ್ದಾರರು ಕೈ ಹಿಂದೆ ತೆಗೆದುಕೊಂಡು, ಆ ಸಿಟ್ಟನ್ನೆಲ್ಲ ಮುರಗೆಪ್ಪನ ಕಡೆ ತಿರುಗಿಸಿದರು. "ಏನ್ರೀ, ಅಭಿಪ್ರಾಯಕ್ಕ ರೇಡ್ ಮಾಡಸ್ತೀರಿ?"

"ಆ ಹದಿನೇಳನೇದ್ದು ಯಾಂವ ಅಂದಾನ ಅಷ್ಟ ಬಾಯಿ ಬಿಡಸ್ರಿ. ಅವನ ಅಂದಾನ!" ಎಂದು ಮುರಗೆಪ್ಪ ಭರಮುವಿನ ಕಡೆ ಬೆರಳು ಮಾಡಿದ.

"ನಾ ಅಂದಿಲ್ಲ!" ಭರಮು ಒಳಗಿನಿಂದ ನುಗ್ಗಿಬಂದ. "ಅಂದಿದ್ರ ಚಲೋ ಆಗತಿತ್ತು ಅಂತ ಎರಡ ದಿವಸದಿಂದ ಹಳಹಳಿ ಆಗೇತಿ!"

ಸಮ್ಮೇದ ಬಂದ, ಉತ್ತಮ ಬಂದ, ಓಣಿಯೇ ನೆರೆಯಿತು. ಎಲ್ಲರದೂ ಒಂದೇ ಬೇಡಿಕೆ, ಹೆಸರು ಹೇಳಲಿ. ಹವಾಲ್ದಾರರೂ ಹೇಳು ಎಂದರು. ನೀಲಮ ಕಾರ್ಡುಗಳನ್ನು ಎದೆಗೆ ಅವುಚಿಕೊಂಡು ನಿಂತಳು. "ಹೇಳಂಗಿಲ್ರಿ. ನಂಬಿ ಮಾತಾಡ್ಯಾರು. ನನ್ನ ಪಿಎಚ್‌ಡಿ ಹೋದ್ರೂ ಹೇಳಂಗಿಲ್ಲ. ಆದ್ರ ಯಾರಿಗಾದ್ರೂ ತಾವ ಏನ ಅಂದಿದ್ದಿವಿ ಅಂತ ಕೇಳಬೇಕಂದ್ರ ಅವರವರದು ಅವರಿಗೆ ಕೇಳಸ್ತೀನಿ." ಆಮೇಲೆ ಅವನ ಕಡೆ ತಿರುಗಿ, "ಮುರಗೆಪ್ಪ ಕಾಕಾ, ನೀವೊಂದ ಸ್ವಲ್ಪ ನಿಮ್ಮ ಮನೀಗೆ ಬರ್ರಿ" ಎಂದಳು.

ಅವನ ಅಡುಗೆಮನೆಯಲ್ಲಿ ನಿಂತು ಅವಳು ಅವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. ಒಲೆಯ ಮುಂದೆ ಅಕ್ಕವ್ವ ರೊಟ್ಟಿ ಬಡಿಯುತ್ತಿದ್ದಳು. ಎರಡು ದಿನದ ರೊಟ್ಟಿಗಳು ಬುಟ್ಟಿ ತುಂಬಿ, ಪರಾತ ತುಂಬಿ, ಈಗ ಹಾಸಿದ ಧೋತರದ ಮೇಲೆ ಏರುತ್ತಿದ್ದವು.

ಮುರಗೆಪ್ಪ ಮೊದಲು ಒಂದು ಕೆಮ್ಮು ಕೇಳಿದ. ಪರಿಚಯದ ಕೆಮ್ಮು. ಆಮೇಲೆ ಮಾತು ಬಂತು. "ಈ ಭರಮ್ಯಾ ನೋಡ್ ತಂಗಿ, ಮೂರ ವರ್ಷದ ಹಿಂದ ನನ್ನ ನೀರಿನ ಮೋಟಾರ ಸುಟ್ಟಾಗ ಎಂಟ ದಿನಾ ಅವನ ಮೋಟಾರ ಕೊಟ್ಟಿದ್ದಾ. ಅವತ್ತಿನಿಂದ ಇವತ್ತಿನ ತನಕಾ, ನನ್ನ ಮೋಟಾರ, ನನ್ನ ಮೋಟಾರ. ಕೊಟ್ಟದ್ದನ್ನ ದಿನಾ ಎಣಿಸಿ ತೋರಸಾವಗಿಂತ ಕೊಡದಾಂವ ಸಾವಿರ ಪಾಲು ಚಲೋ. ಬರಕೋ ಇದನ್ನ!"

ಮುರಗೆಪ್ಪ ಇಯರ್‌ಫೋನ್ ತೆಗೆದ. ಅಲ್ಲಿಯೇ ಇದ್ದ ಮಣೆಯ ಮೇಲೆ ಕೂತ. ಕೂತ ಮೇಲೆ ಅದರ ಮೇಲೆ ಹಿಟ್ಟು ಇದ್ದದ್ದು ಗೊತ್ತಾಯಿತು, ಏಳಲಿಲ್ಲ.

"ನಿನಗ ಗೊತ್ತಿತ್ತೇನು?" ಎಂದು ಹೆಂಡತಿಯನ್ನು ಕೇಳಿದ.

"ನಾ ಎರಡನೇ ಸಲ ಚಾ ತಂದಾಗ ಅಂದ್ರಿ" ಎಂದಳು ಅಕ್ಕವ್ವ, ಕೈ ನಿಲ್ಲಿಸದೆ. "ನೀವು ಯಾವಾಗ ನೆನಪ ಮಾಡ್ಕೋತೀರಿ ಅಂತ ಎರಡ ದಿವಸ ಆತು ಕಾಯಾಕತ್ತೇನಿ."

"ಹೇಳಬಾರದಿತ್ತೇನ ಮತ್ತ?"

ಅಕ್ಕವ್ವ ರೊಟ್ಟಿಯನ್ನು ಹಂಚಿನ ಮೇಲೆ ಎಸೆದು ಅವನ ಕಡೆ ಪೂರ್ತಿ ತಿರುಗಿದಳು. ಅವಳ ಹಣೆಯ ಮೇಲೆ ಹಿಟ್ಟು ಹತ್ತಿತ್ತು. "ಮೂವತ್ತೈದ ವರ್ಷದಾಗ ನಾ ಹೇಳಿದ್ದನ್ನ ಒಮ್ಮೆರೆ ಕೇಳೀರಿ? ಆಕಿ ಬಂದು ಹೊರಗ ಎರಡ ತಾಸ ನಿಮ್ಮನ್ನ ಕೇಳಿದ್ಲು. ನನಗ ಇಲ್ಲೆ ಒಲೀ ಮುಂದ ಅರ್ಧಾ ತಾಸ ಕೇಳಿದ್ಲು. ಈ ಮನ್ಯಾಗ ನನ್ನ ಮಾತ ಅರ್ಧಾ ತಾಸ ಕೇಳಿದ್ದು ಅದ ಪೈಲೇ ಸಲಾ. ಶೇವಂತಾನ ಕಬ್ಬ ಒಣಗಾಕತ್ತೈತಿ. ಹೋಗಿ ಹೇಳ್ರಿ. ಇಲ್ಲಂದ್ರ ನಾ ಹೋಗಿ ಹೇಳ್ತೀನಿ, ನಾ ಹೇಳಿದ್ರ ಬರೇ ಹದಿನೇಳನೇದ್ದು ಹೇಳಂಗಿಲ್ಲ, ಇಪ್ಪತ್ತೈದೂ ಹೇಳ್ತೀನಿ."

ಮುರಗೆಪ್ಪ ಎದ್ದು ಹೊರಗೆ ಬಂದ. ಧೋತರದ ಹಿಂಭಾಗದಲ್ಲಿ ಜೋಳದ ಹಿಟ್ಟು. ಮೊದಲು ಸುಲಭದ ದಾರಿ ಹಿಡಿದು ನೋಡಿದ. "ಸಾಹೇಬ್ರ, ಫಿರ್ಯಾದಿ ವಾಪಸ್. ಏನೂ ಆಗಿಲ್ಲ. ಎಲ್ಲಾರೂ ಮನೀಗೆ ಹೋಗ್ರಿ."

"ಏನೂ ಆಗಿಲ್ಲ?" ಭರಮುವಿನ ಕುತ್ತಿಗೆಯ ನರ ಉಬ್ಬಿತು. "ಎರಡ ದಿನಾ ನನ್ನ ಕಬ್ಬ ಬಿಸಲಾಗ ಒಣಗಿಸಿ, ಪೊಲೀಸ್ ಕರಿಸಿ, ಈಗ ಏನೂ ಆಗಿಲ್ಲ? ಹೇಳು! ಯಾರ ಅಂದಿದ್ದು ಗೊತ್ತಾತಿಲ್ಲೋ? ಹೇಳು!"

ಮುರಗೆಪ್ಪ ನೆಲ ನೋಡಿದ, ಟ್ರಾಲಿ ನೋಡಿದ, ಬಾಗಿಲಲ್ಲಿ ನಿಂತ ಅಕ್ಕವ್ವನನ್ನು ನೋಡಿದ.

"ನಾನ ಅಂದೇನಿ" ಎಂದ.

ಉತ್ತಮ ತಲೆ ಅಲ್ಲಾಡಿಸಿದ. "ಇಲ್ಲ ಬಿಡ್ರಿ. ಇಷ್ಟ ಶಾಣ್ಯಾ ಮಾತು ಮುರಗೆಪ್ಪ ಆಡಾಂವಲ್ಲ."

"ನನಗೂ ಹಂಗ ಅನಸ್ತೈತಿ" ಎಂದ ಸಮ್ಮೇದ. "ಮಾತು ಭಾಳ ತೂಕದ್ದೈತಿ. ಯಾರನ್ನೋ ಉಳಸಾಕತ್ತಾರ."

"ತಮ್ಮ ಮ್ಯಾಲ ತಾವ ಫಿರ್ಯಾದಿ ಕೊಡೂ ಮನಷ್ಯಾನ ನಾ ನೌಕರ್ಯಾಗ ಇನ್ನೂ ಕಂಡಿಲ್ಲ" ಎಂದರು ಹವಾಲ್ದಾರರು.

ಮುರಗೆಪ್ಪನ ಮುಖ ಕೆಂಪೇರಿತು. ತಪ್ಪು ಒಪ್ಪಿಕೊಳ್ಳುವುದು ಅವನ ಆಯುಷ್ಯದಲ್ಲಿ ಇದೇ ಮೊದಲು, ಅದನ್ನೂ ಜನ ತೆಗೆದುಕೊಳ್ಳುತ್ತಿಲ್ಲ! "ನಾನ ಅಂದೇನ್ರೋ! ನನಗ ಅಷ್ಟ ಬುದ್ಧಿ ಇಲ್ಲೇನು? ಆ ತಂಗಿ ಫೋನಿನ್ಯಾಗ ಐತಿ! ನನ್ನ ಕೆಮ್ಮ ಐತಿ!"

ಎಲ್ಲರಿಗಿಂತ ಹೆಚ್ಚು ಕೆರಳಿದವನು ಭರಮು. ಅವನು ಮುಂದೆ ಬಂದು ಮುರಗೆಪ್ಪನ ಎದೆಗೆ ಬೆರಳು ಒತ್ತಿದ. "ತಿಳೀತಲೇ. ನಾ ಅಂದೇನಿ ಅಂತ ನಿನ್ನ ಮನಸಿನ್ಯಾಗ ಇನ್ನೂ ಐತಿ. ದೊಡ್ಡ ಮನಷ್ಯಾ ಆಗಾಕ ನನ್ನ ತಪ್ಪು ನಿನ್ನ ತಲೀ ಮ್ಯಾಲ ಹೊತ್ತಗೋಳಾಕತ್ತಿ. ನಾಳೆ ಬಸ್ ಸ್ಟ್ಯಾಂಡಿನ್ಯಾಗ ನಿಂತು, ದಾರಿ ಕೊಟ್ಟೆ, ಮ್ಯಾಲ ಪೊಲೀಸರಿಂದ ಉಳಿಸಿದೆ ಅಂತ ಹೇಳಬೇಕಲ್ಲ? ಬ್ಯಾಡ! ನಿನ್ನ ಈ ಉಪಕಾರ ನನಗ ಬ್ಯಾಡ!"

"ಉಪಕಾರ ಅಲ್ಲಲೇ ಮೂಢಾ!" ಮುರಗೆಪ್ಪನ ದನಿ ಕೃಷ್ಣೆಯ ಆಚೆ ದಡಕ್ಕೆ ಕೇಳುವಂತಿತ್ತು. "ನಿನಗ ಅಂದ ಮಾತದು! ನಿನಗ! ನಿನ್ನ ಮೋಟಾರಿಗೆ ಅಂದೇನಿ! ಎಂಟ ದಿನಾ ಮೋಟಾರ ಕೊಟ್ಟ ಮೂರ ವರ್ಷ ಅದರ ಹಾಡ ಹಾಡಾಕತ್ತಿಯಲ್ಲ, ಅದನ್ನ ಕೇಳಿ ಕೇಳಿ ನನ್ನ ಕಿವಿ ಕೊಳತಾವು! ಅದಕ್ಕ ಅಂದೇನಿ! ಇನ್ನೊಮ್ಮೆ ಅಂತೇನಿ!"

ಭರಮುವಿನ ಬೆರಳು ಗಾಳಿಯಲ್ಲೇ ನಿಂತಿತು. ಈಗ ನಂಬಿಕೆ ಬಂದಿತ್ತು.

"ನಾ ದಿನಾ ಹೇಳ್ತೀನೇನು ಮೋಟಾರಿಂದು?" ಎಂದು ಅವನು ಹೆಂಡತಿಯ ಕಡೆ ತಿರುಗಿದ.

"ಹೇಳ್ತೀರಿ" ಎಂದಳು ಶೇವಂತಾ. "ಮುಂಜಾನೆ ಹಲ್ಲ ತಿಕ್ಕೂ ಮುಂದ ಒಮ್ಮೆ. ಊಟಕ್ಕ ಕೂತಾಗ ಒಮ್ಮೆ."

"ಇವರೂ ದಾರೀದು ಹಂಗ" ಎಂದಳು ಬಾಗಿಲಿನಿಂದ ಅಕ್ಕವ್ವ. "ಊಟದಾಗ ಎರಡ ಸಲ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ನೋಡದೆ ಬೇರೆ ಬೇರೆ ದಿಕ್ಕಿಗೆ ಉಗುಳಿದರು. ಆಮೇಲೆ ಮುರಗೆಪ್ಪ ದಾರಿಗೆ ನಡೆದು ಟ್ರಾಲಿಯ ಒಂದು ಮೂಲೆ ಹಿಡಿದು ಎತ್ತಲು ಹೋದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಗಾಲಿ ಹಾಕೋಣವೆಂದರೆ ಸಿಟ್ಟಿನ ಭರದಲ್ಲಿ ನಟ್ಟುಗಳನ್ನು ಕಬ್ಬಿನೊಳಗೆ ಎಸೆದಿದ್ದ. "ಅಡ್ಡ ಹಚ್ಚಾಕ ಬಂತು, ತಗ್ಯಾಕ ಬರಲಿಲ್ಲೇನು?" ಎಂದು ಬೈಯುತ್ತಲೇ ಭರಮು ಇನ್ನೊಂದು ಮೂಲೆ ಹಿಡಿದ. ಹವಾಲ್ದಾರರು ಟೊಪ್ಪಿಗೆ ತೆಗೆದು ಪೇದೆಯ ಕೈಗೆ ಕೊಟ್ಟರು. ಉತ್ತಮ, ಸಮ್ಮೇದ, ಗ್ಯಾಂಗಿನ ನಾಲ್ಕು ಜನ, ಎಲ್ಲರೂ ಸೇರಿ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಟ್ರಾಲಿಯನ್ನು ಎತ್ತಿ ಬದಿಗೆ ಇಟ್ಟರು. ಸಮ್ಮೇದನ ಬಿಳಿ ಅಂಗಿ ಗ್ರೀಸಾಯಿತು. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರ್ ಬಂತು, ಗ್ಯಾಂಗಿನವರು ಅಕ್ಕವ್ವನ ಅರವತ್ತೆರಡು ರೊಟ್ಟಿ ತಿಂದು ಕಬ್ಬು ಹೇರಿದರು.

ಸಂಜೆ ನೀಲಮ ಹಾಳೆ ಹಿಡಿದು ಮತ್ತೆ ಮುರಗೆಪ್ಪನ ಹೊರಸಿನ ಹತ್ತಿರ ಬಂದಳು. "ಕಾಕಾ, ನಿಮ್ಮದೊಂದ ಅರ್ಧಕ್ಕ ಉಳದೈತಿ."

ಮುರಗೆಪ್ಪ ಕೂತು ಕಾರ್ಡುಗಳನ್ನು ಜೋಡಿಸಿದ. ಹದಿನೇಳನೆಯದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದ. ಕೊನೆಗೆ ಬಲತುದಿಯ ಒಂಟಿ ಮನೆಯಲ್ಲಿ ಬಡಿದು ಇಟ್ಟ.

"ಯಾಕ ಅಲ್ಲಿ ಇಟ್ರಿ ಕಾಕಾ?"

"ಯಾರ ಅಂದ್ರೇನು, ಮಾತು ಖರೇನ ಐತಿ" ಎಂದು ಗುರುಗುಟ್ಟಿದ.

ಒಂದು ತಿಂಗಳ ಮೇಲೆ ಅವಳು ಫಲಿತಾಂಶ ಹೇಳಲು ಬಂದಳು. ಉತ್ತಮನ ಗಿರಣಿಯ ಮುಂದೆ ಎಲ್ಲರೂ ಸೇರಿದರು. ಓಣಿಯಲ್ಲಿ ನೆರೆಹೊರೆಯ ಬಗ್ಗೆ ಎರಡು ಬಗೆಯ ದೃಷ್ಟಿಗಳಿವೆ ಎಂದಳು. ಮೊದಲನೆಯದು ಹತ್ತು ಜನರದು. ಅವರ ಕಾರ್ಡುಗಳೆಲ್ಲ ಹೆಚ್ಚು ಕಡಿಮೆ ಒಂದೇ ರೀತಿ ಕೂತಿವೆ. ಎರಡನೆಯದು ಇಬ್ಬರೇ ಇಬ್ಬರದು. ಆ ಇಬ್ಬರ ಜೋಡಣೆ ಇಪ್ಪತ್ತೈದರಲ್ಲಿ ಇಪ್ಪತ್ತೊಂದು ಕಡೆ ಒಂದೇ ಆಗಿದೆ, ಗಂಡ ಹೆಂಡಿರಲ್ಲೂ ಇಷ್ಟು ಹೋಲಿಕೆ ತನಗೆ ಸಿಕ್ಕಿಲ್ಲ ಎಂದಳು. ಹೆಸರು ಹೇಳಲಿಲ್ಲ. ಓಣಿಯ ಹತ್ತು ಜನ ತಿರುಗಿ ಉಳಿದ ಇಬ್ಬರನ್ನು ನೋಡಿದರು.

"ಸುಳ್ಳು!" ಎಂದ ಮುರಗೆಪ್ಪ.

"ಶುದ್ಧ ಸುಳ್ಳು!" ಎಂದ ಭರಮು.

"ಇವಗೂ ನನಗೂ ಏನ ಸಂಬಂಧ?"

"ನಾ ಇವನಂಗ ವಿಚಾರ ಮಾಡ್ತೀನಿ? ನಿನ್ನ ಕಂಪ್ಯೂಟರ್ ಕೆಟ್ಟೈತಿ ತಂಗಿ!"

ಇಬ್ಬರೂ ತಿಂಗಳಿಂದ ಮಾತು ಬಿಟ್ಟಿದ್ದರು. ಈಗ ಮಾತಾಡದೆ ವಿಧಿಯಿರಲಿಲ್ಲ, ಯಾಕೆಂದರೆ ವಿದ್ಯಾಪೀಠಕ್ಕೆ ಪತ್ರ ಬರೆಯಲೇಬೇಕಿತ್ತು. ಗಿರಣಿಯ ಕಟ್ಟೆಯ ಮೇಲೆ ಪಕ್ಕಪಕ್ಕ ಕೂತರು. ಮುರಗೆಪ್ಪ ಹೇಳಿದ, ಭರಮು ಬರೆದ. ಮುರಗೆಪ್ಪ 'ತೀವ್ರವಾಗಿ ಖಂಡಿಸುತ್ತೇವೆ' ಎಂದು ಹೇಳುವ ಮೊದಲೇ ಭರಮು ಅದೇ ಮಾತನ್ನು ಬರೆದು ಮುಗಿಸಿದ್ದ. ಒಂದು ತಾಸಿನಲ್ಲಿ ಪತ್ರ ಮುಗಿಯಿತು. ತಮ್ಮಿಬ್ಬರ ಅಭಿಪ್ರಾಯ ಯಾವ ವಿಷಯದಲ್ಲೂ ಎಂದೂ ಕೂಡಿಲ್ಲ, ಮುಂದೆಯೂ ಕೂಡುವುದಿಲ್ಲ, ಇದನ್ನು ತಾವಿಬ್ಬರೂ ಒಮ್ಮತದಿಂದ ತಿಳಿಸುತ್ತಿದ್ದೇವೆ ಎಂದಿತ್ತು. ಕೆಳಗೆ ಎರಡು ಸಹಿ.

ನೀಲಮ ಪತ್ರವನ್ನು ಪೂರ್ತಿ ಓದಿದಳು. ತುಟಿ ಕಚ್ಚಿಕೊಂಡು, ವಹಿ ತೆರೆದು, ಏನೋ ಒಂದು ಸಾಲು ಬರೆದುಕೊಂಡಳು.

"ಏನ ಬರದಿ ತಂಗಿ?" ಎಂದು ಇಬ್ಬರೂ ಒಂದೇ ಉಸಿರಿಗೆ ಗದರಿದರು.